ಕಡಿಮೆ ದುಡ್ಡಲ್ಲಿ ಗೇಮಿಂಗ್ ಪಿಸಿ: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು

ನಾನು ಮೊದಲ ಸಲ ಪಿಸಿ ಜೋಡಿಸಿದಾಗ ಎಲ್ಲಕ್ಕಿಂತ ಮೊದಲು ಕೊಂಡದ್ದು ಕ್ಯಾಬಿನೆಟ್. ಪಕ್ಕದಲ್ಲಿ ಗಾಜು, ಒಳಗೆ ನಾಲ್ಕು ಬಣ್ಣದ ಫ್ಯಾನ್. ಕೊನೆಗೆ ಪಿಸಿಗೆಲ್ಲ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಹೊತ್ತಿಗೆ ದುಡ್ಡು ತಳ ಸೇರಿತ್ತು. ಸಿಕ್ಕಿದ್ದರಲ್ಲೇ ಅಗ್ಗದ್ದು ತಂದೆ. ಮೇಲೆ 600 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಐದನೇ ತಿಂಗಳು, ಆಟದ ಮಧ್ಯೆ ಟಪ್ ಎಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಅದು ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕ್ಯಾಬಿನೆಟ್ ಮಾತ್ರ ಚೆನ್ನಾಗಿಯೇ ಉಳಿಯಿತು!

ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ದುಡ್ಡು ಕಡಿಮೆ ಇದ್ದಾಗ ಯಾವ ಭಾಗಕ್ಕೆ ಮೊದಲು ಖರ್ಚು ಮಾಡುತ್ತೀರಿ, ಯಾವುದನ್ನು ಕೊನೆಗೆ ಬಿಡುತ್ತೀರಿ ಎನ್ನುವುದರ ಮೇಲೇ ಎಲ್ಲ ನಿಂತಿದೆ. ಆ ಸರದಿಯನ್ನೇ ಹಿಡಿದು ಹೋಗೋಣ.

ಹೆಜ್ಜೆ 1: ಪರದೆಯಿಂದ ಶುರು ಮಾಡಿ

ಪ್ರೊಸೆಸರ್ ಯಾವುದು ಎಂದು ಕೇಳುವ ಮೊದಲು ಮಾನಿಟರ್ ಯಾವುದು ಎಂದು ಕೇಳಿಕೊಳ್ಳಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. 1440ಪಿ ಪರದೆಯಲ್ಲಿ 36.9 ಲಕ್ಷ. 4ಕೆ ಅಂದರೆ 82.9 ಲಕ್ಷ, ಅಂದರೆ 1080ಪಿಯ ನಾಲ್ಕು ಪಟ್ಟು. ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯಲ್ಲಿ ಮೂಡುವ ಪ್ರತಿ ಚಿತ್ರಕ್ಕೂ, ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಚುಕ್ಕಿಗಳ ಬಣ್ಣ ಲೆಕ್ಕ ಹಾಕಬೇಕು. ಬಜೆಟ್ ಬಿಗಿ ಇದ್ದರೆ 1080ಪಿ ಎಂದು ಗಟ್ಟಿ ಮಾಡಿಕೊಳ್ಳಿ. ಅಲ್ಲಿಗೆ ಅರ್ಧ ಗೊಂದಲ ಮುಗಿಯುತ್ತದೆ.

ಇನ್ನು ಆಟಗಳು. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2 ತರದ ಸ್ಪರ್ಧೆಯ ಆಟಗಳಿಗೆ ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮುಖ್ಯ. ಸೈಬರ್‌ಪಂಕ್ 2077 ತರದ ದೊಡ್ಡ ಕತೆಯ ಆಟಗಳು ಗ್ರಾಫಿಕ್ಸ್ ಕಾರ್ಡನ್ನೇ ಹಿಂಡುತ್ತವೆ. ನೀವು ನಿಜವಾಗಿ ಆಡುವ ನಾಲ್ಕೈದು ಆಟಗಳ ಹೆಸರು ಬರೆದಿಡಿ. ಮುಂದೆ ಎಂದೋ ಆಡಬಹುದು ಎನ್ನುವವು ಆ ಪಟ್ಟಿಯಲ್ಲಿ ಬೇಡ.

ಇಲ್ಲೇ ಇನ್ನೊಂದು ಮಾತು. ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್ ಇಲ್ಲದಿದ್ದರೆ ಅವುಗಳ ದುಡ್ಡು ಮೊದಲೇ ತೆಗೆದು ಪಕ್ಕಕ್ಕಿಡಿ. ಎಷ್ಟೋ ಜನ ಪಿಸಿ ಪೆಟ್ಟಿಗೆಗೇ ಎಲ್ಲ ಸುರಿದು, ಆಮೇಲೆ ಹಳೇ ಟಿವಿಗೆ ತಂತಿ ಚುಚ್ಚಿ ಕೂರುತ್ತಾರೆ.

ಹೆಜ್ಜೆ 2: ದುಡ್ಡು ಹಂಚಿಕೊಳ್ಳಿ

ನಾನು ಹಾಕಿಕೊಳ್ಳುವ ಲೆಕ್ಕ ಹೀಗಿದೆ. ಪೆಟ್ಟಿಗೆಗೆ ಅಂತ ಇಟ್ಟ ದುಡ್ಡಿನಲ್ಲಿ ಶೇ. 35ರಿಂದ 40 ಗ್ರಾಫಿಕ್ಸ್ ಕಾರ್ಡ್‌ಗೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರೂ ಸೇರಿ ಇನ್ನೊಂದು ಶೇ. 35ರಿಂದ 40. ಎಸ್‌ಎಂಪಿಎಸ್‌ಗೆ ಶೇ. 10. ಮಿಕ್ಕಿದ್ದರಲ್ಲಿ ಆಟಗಳನ್ನು ತುಂಬಿಡುವ ಎಸ್‌ಎಸ್‌ಡಿ, ಕ್ಯಾಬಿನೆಟ್. ಇದೇನು ಕಲ್ಲಿನ ಮೇಲೆ ಕೆತ್ತಿದ ಲೆಕ್ಕ ಅಲ್ಲ. ಸ್ಪರ್ಧೆಯ ಆಟಗಳನ್ನಷ್ಟೇ ಆಡುವವರು ಕಾರ್ಡ್‌ನಿಂದ ಸ್ವಲ್ಪ ತೆಗೆದು ಪ್ರೊಸೆಸರ್‌ಗೆ ಹಾಕಬಹುದು. ಎಸ್‌ಎಂಪಿಎಸ್‌ನ ಪಾಲಿಗೆ ಮಾತ್ರ ಕೈ ಹಾಕಬೇಡಿ.

ಹೆಜ್ಜೆ 3: ಗ್ರಾಫಿಕ್ಸ್ ಕಾರ್ಡ್

ಎಲ್ಲರೂ ಎಡವುವುದು ಇಲ್ಲೇ. ಕಾರ್ಡ್‌ನ ಹೆಸರಿನಲ್ಲೇ ಬಲೆ ಇರುತ್ತದೆ.

ಮೊದಲು ಕಾರ್ಡ್‌ನ ಮೆಮೊರಿ. 1080ಪಿಗೆ ಈಗ 8 ಜಿಬಿ ಕನಿಷ್ಠ ಎಂದುಕೊಳ್ಳಿ. 4 ಜಿಬಿ ಕಾರ್ಡ್‌ಗಳಲ್ಲಿ ಹಳೇ ಆಟ, ಸ್ಪರ್ಧೆಯ ಆಟ ಓಡುತ್ತವೆ. ಹೊಸ ದೊಡ್ಡ ಆಟಗಳಲ್ಲಿ ಮೆಮೊರಿ ತುಂಬಿದೊಡನೆ ಚಿತ್ರ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗಿಯೇ ಕಾಣುತ್ತದೆ, ಆದರೆ ತಿರುವಿನಲ್ಲಿ ಶತ್ರು ಎದುರಾದಾಗಲೇ ಪರದೆ ಅರೆಕ್ಷಣ ನಿಂತುಬಿಡುತ್ತದೆ. ಆ ಕಿರಿಕಿರಿ ಅನುಭವಿಸಿದವರಿಗೇ ಗೊತ್ತು.

ಕಡಿಮೆ ಬಜೆಟ್‌ನವರ ಬಾಯಲ್ಲಿ ಬಹಳ ದಿನದಿಂದ ಓಡಾಡುತ್ತಿರುವ ಹೆಸರು ಆರ್‌ಎಕ್ಸ್ 6600. 2021ರಲ್ಲಿ ಬಂದ ಕಾರ್ಡ್, 8 ಜಿಬಿ ಮೆಮೊರಿ, 132 ವ್ಯಾಟ್ ಮಾತ್ರ. ಕಡಿಮೆ ವಿದ್ಯುತ್ ಅಂದರೆ ಸಣ್ಣ ಎಸ್‌ಎಂಪಿಎಸ್ ಸಾಕು, ಬಿಸಿಯೂ ಕಡಿಮೆ. ಹೀಗೆ ಒಂದು ಭಾಗ ಸರಿ ಆರಿಸಿದರೆ ಇನ್ನೆರಡು ಭಾಗಗಳಲ್ಲಿ ದುಡ್ಡು ಉಳಿಯುತ್ತದೆ. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ ಇನ್ನೊಂದು ಒಳ್ಳೆಯ ಆಯ್ಕೆ. ಕೈಗೆ ಸ್ವಲ್ಪ ಜಾಸ್ತಿ ದುಡ್ಡು ಬಂದರೆ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600, ಇಂಟೆಲ್‌ನ ಆರ್ಕ್ ಬಿ580 ನೋಡಬಹುದು. ಬಿ580ಯಲ್ಲಿ 12 ಜಿಬಿ ಮೆಮೊರಿ ಇದೆ. ಆದರೆ ಅದಕ್ಕೆ ಕಾರ್ಡ್‌ನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಂದೇ ಸಲಕ್ಕೆ ಬಳಸಲು ಬಿಡುವ ರೀಸೈಜಬಲ್ ಬಾರ್ ಎನ್ನುವ ಸೌಲಭ್ಯ ಇರುವ ಮದರ್‌ಬೋರ್ಡ್ ಬೇಕೇ ಬೇಕು. ಹಳೆಯ ಪ್ರೊಸೆಸರ್ ಜೊತೆ ಕಟ್ಟಿದರೆ ಅದರ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ. ಆದ್ದರಿಂದ ಹಳೇ ಪಿಸಿಗೆ ಹೊಸ ಕಾರ್ಡ್ ಹಾಕುವವರು ಅದರ ತಂಟೆಗೆ ಹೋಗಬೇಡಿ.

ಈಗ ಬಲೆಗಳು. ಆರ್‌ಟಿಎಕ್ಸ್ 3060 ಎಂಬ ಅದೇ ಹೆಸರಿನಲ್ಲಿ 8 ಜಿಬಿ ಮಾದರಿಯೂ ಇದೆ. ಕಡಿಮೆ ಆಗಿರುವುದು ಮೆಮೊರಿಯ ಗಾತ್ರ ಮಾತ್ರ ಅಲ್ಲ. 192 ಬಿಟ್‌ನ ಮೆಮೊರಿ ದಾರಿಯನ್ನು 128 ಬಿಟ್‌ಗೆ ಕತ್ತರಿಸಿದ್ದಾರೆ, ಹಾಗಾಗಿ ವೇಗವೂ ಕಡಿಮೆ. ಆರ್‌ಎಕ್ಸ್ 580 ಕೊಳ್ಳುವಾಗ ಪಕ್ಕದಲ್ಲಿ 2048ಎಸ್‌ಪಿ ಎಂದಿದೆಯೇ ನೋಡಿ. ಅಸಲಿ 580ಯಲ್ಲಿ ಲೆಕ್ಕ ಹಾಕುವ ಘಟಕಗಳು, ಅಂದರೆ ಕೋರ್‌ಗಳು, 2304 ಇರುತ್ತವೆ, ಇದರಲ್ಲಿ 2048. ಜಿಟಿ 1030ರದ್ದು ಇನ್ನೂ ಮೋಜು. ಅದರ ಡಿಡಿಆರ್4 ಮಾದರಿಯ ಮೆಮೊರಿ ವೇಗ ಜಿಡಿಡಿಆರ್5 ಮಾದರಿಯ ಅರ್ಧವೂ ಇಲ್ಲ, ಹೆಸರು ಮಾತ್ರ ಒಂದೇ. ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡ್ ಜೊತೆ ಮಾತಾಡುವುದು ಬರೀ ನಾಲ್ಕು ಪಿಸಿಐಇ ಲೇನ್‌ಗಳಲ್ಲಿ, ಅಂದರೆ ಮಾಹಿತಿ ಓಡಾಡುವ ನಾಲ್ಕೇ ಸಾಲುಗಳಲ್ಲಿ. ಪಿಸಿಐಇ 3.0 ಇರುವ ಹಳೇ ಬೋರ್ಡ್‌ಗೆ ಹಾಕಿದರೆ ಅದು ಇನ್ನಷ್ಟು ಸೊರಗುತ್ತದೆ.

ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ. ನಿಮ್ಮ ಪಟ್ಟಿಯ ಆಟವನ್ನು ಅದೇ ಕಾರ್ಡ್‌ನಲ್ಲಿ, ಅದೇ ಮೆಮೊರಿಯ ಮಾದರಿಯಲ್ಲಿ ಆಡಿ ತೋರಿಸಿದ ವಿಡಿಯೊ ಎರಡು ಮೂರು ನೋಡಿ. ಸರಾಸರಿ ಎಫ್‌ಪಿಎಸ್‌ಗಿಂತ ಶೇ. 1ರ ಕನಿಷ್ಠ, ಅಂದರೆ ಅತಿ ನಿಧಾನದ ಶೇ. 1 ಫ್ರೇಮ್‌ಗಳ ವೇಗ, ಎಷ್ಟು ಎಂದು ಗಮನಿಸಿ. ತಡವರಿಕೆ ಕಾಣುವುದು ಆ ಅಂಕಿಯಲ್ಲೇ.

ಹೆಜ್ಜೆ 4: ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡನ್ನೂ ಒಟ್ಟಿಗೇ ಆರಿಸಬೇಕು. ಪ್ರೊಸೆಸರ್ ಕೂರುವ ಸಾಕೆಟ್ ಹೊಂದದಿದ್ದರೆ ಒಂದು ಇನ್ನೊಂದರೊಳಗೆ ಕೂರುವುದೇ ಇಲ್ಲ.

ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೆ ಸಾಗುವ ಕೆಲಸದ ಎಳೆಗಳು) ಇದ್ದರೆ ಇವತ್ತಿನ ಆಟಗಳಿಗೆ ನೆಮ್ಮದಿ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ರೈಜೆನ್ 5 5600, ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ ಕೋರ್ ಐ5-12400ಎಫ್. ಇವೆರಡೂ 2022ರವು, ಇನ್ನೂ ಬೆವರದೆ ಓಡುತ್ತವೆ. ಅದಕ್ಕೂ ದುಡ್ಡಿಲ್ಲ ಅಂದರೆ ನಾಲ್ಕು ಕೋರ್‌ನ ಕೋರ್ ಐ3-12100ಎಫ್. ಹೆಸರಿನ ಕೊನೆಯ ‘ಎಫ್’ ಅಕ್ಷರ ಮರೆಯಬೇಡಿ. ಇಂಟೆಲ್‌ನಲ್ಲಿ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ. ರೈಜೆನ್ 5 5600ಯಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ, ಆದರೆ ಅದು ಹೆಸರಿನಿಂದ ಗೊತ್ತಾಗುವುದಿಲ್ಲ.

5600ರ ಪಕ್ಕದಲ್ಲೇ 5500 ಎಂದು ಇನ್ನೊಂದು ಇರುತ್ತದೆ. ಅಂಕಿಯಲ್ಲಿ ನೂರರ ವ್ಯತ್ಯಾಸ, ಒಳಗೆ ಬೇರೆಯೇ ಚಿಪ್. ಕ್ಯಾಷ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ ಬದಲು 16 ಎಂಬಿ, ಪಿಸಿಐಇ 4.0 ಬದಲು 3.0. ಬೆಲೆಯಲ್ಲಿ ದೊಡ್ಡ ಅಂತರ ಇದ್ದರೆ ತಗೊಳ್ಳಿ, ಸಣ್ಣದಾದರೆ 5600ಗೇ ಹೋಗಿ.

ಎಎಂ4 2016ರಿಂದ ಇರುವ ಸಾಕೆಟ್. ಅದರ ನಂತರದ ಎಎಂ5 2022ರಲ್ಲಿ ಬಂತು. ಎಎಂ5ಗೆ ಡಿಡಿಆರ್5 ರ‍್ಯಾಮ್ ಬೇಕು, ಖರ್ಚು ಜಾಸ್ತಿ. ಆದರೆ ಎರಡು ಮೂರು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುತ್ತದೆ. ಎಎಂ4 ಕೊಂಡವರಿಗೂ ಒಂದು ಮೆಟ್ಟಿಲು ಉಳಿದೇ ಇದೆ. 5700ಎಕ್ಸ್3ಡಿ, 5800ಎಕ್ಸ್3ಡಿ ಎನ್ನುವವು ಅದೇ ಬೋರ್ಡ್‌ಗೆ ಕೂರುತ್ತವೆ, ಆಟಗಳಲ್ಲಿ 5600ಗಿಂತ ಎಷ್ಟೋ ಮುಂದೆ. ಬಿಗಿ ಬಜೆಟ್‌ಗೆ ನನ್ನ ಓಟು ಈಗಲೂ ಎಎಂ4ಗೇ. ಕಾರಣ ಸುಲಭ: ಅಲ್ಲಿ ಉಳಿದ ದುಡ್ಡು ಇವತ್ತೇ ಗ್ರಾಫಿಕ್ಸ್ ಕಾರ್ಡ್‌ಗೆ ಸೇರುತ್ತದೆ.

ಮದರ್‌ಬೋರ್ಡ್‌ನಲ್ಲಿ ಧೈರ್ಯವಾಗಿ ಜಿಪುಣತನ ಮಾಡಿ. ಎಎಂ4 ಆದರೆ ಬಿ550 ಇದ್ದರೆ ಸಂತೋಷ, ಬಿ450 ಸಾಕು, ಎ520 ಕೂಡ ನಡೆಯುತ್ತದೆ. ಇಂಟೆಲ್ ಆದರೆ ಬಿ660, ಬಿ760, ತೀರಾ ಬಿಗಿ ಇದ್ದರೆ ಎಚ್610. ಮೈಕ್ರೊ ಎಟಿಎಕ್ಸ್ ಎನ್ನುವ ಸಣ್ಣ ಅಳತೆಯದು ನೋಡಿ. ಎರಡೇ ವಿಷಯ ಪರೀಕ್ಷಿಸಿ. ಒಂದು, ಬೋರ್ಡ್‌ಗೇ ನೇರ ಸಿಕ್ಕಿಸುವ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಎಂ.2 ಜಾಗ ಇದೆಯೇ? ಎರಡು, ಬೋರ್ಡ್‌ನೊಳಗೇ ಇದ್ದು ಪಿಸಿ ಎಬ್ಬಿಸುವ ತಂತ್ರಾಂಶ, ಅಂದರೆ ಬಯೋಸ್, ನಿಮ್ಮ ಪ್ರೊಸೆಸರನ್ನು ಗುರುತಿಸುತ್ತದೆಯೇ? ಹಳೇ ಸ್ಟಾಕ್‌ನ ಬಿ450ಗೆ 5600 ಹಾಕಿದರೆ ಬಯೋಸ್ ಹೊಸದು ಮಾಡುವ ತನಕ ಪಿಸಿ ಏಳುವುದೇ ಇಲ್ಲ. ಹೊಸದು ಮಾಡಲು ಹಳೇ ಪ್ರೊಸೆಸರ್ ಬೇಕು! ಕೊಳ್ಳುವಾಗಲೇ ಮಾರುವವರಿಂದ ಅಪ್‌ಡೇಟ್ ಮಾಡಿಸಿಕೊಳ್ಳಿ. ಇಲ್ಲವೇ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕಲು ಬರುವ, ಹಿಂಭಾಗದಲ್ಲಿ ಫ್ಲಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡ್ ಆರಿಸಿ.

ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ಗೆ ಬೇರೆ ಖರ್ಚು ಬೇಡ. 5600 ಮತ್ತು 12400ಎಫ್ ಎರಡರದ್ದೂ ಡಬ್ಬಿಯ ಆವೃತ್ತಿಯಲ್ಲಿ ಕೂಲರ್ ಜೊತೆಗೇ ಬರುತ್ತದೆ. ಡಬ್ಬಿ ಇಲ್ಲದೆ ಬಿಡಿಯಾಗಿ ಮಾರುವುದರಲ್ಲಿ ಅದು ಇರುವುದಿಲ್ಲ. ಬೆಲೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೆಜ್ಜೆ 5: ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ ರ‍್ಯಾಮ್ ಬೇಕು, ಅದೂ 8 ಜಿಬಿಯ ಎರಡು ಕಡ್ಡಿಗಳಾಗಿ. ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರ್‌ಗೆ ಎರಡು ಬಾಗಿಲಲ್ಲಿ ಒಂದನ್ನು ಮುಚ್ಚಿದ ಹಾಗೆ. ಡಿಡಿಆರ್4 ಆದರೆ 3200 ವೇಗದ್ದು, ಸಿಎಲ್16 ಸಿಕ್ಕರೆ ಚೆನ್ನ (ಸಿಎಲ್ ಅಂದರೆ ಉತ್ತರಿಸಲು ಹಿಡಿಯುವ ತಡ, ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು). ರ‍್ಯಾಮ್ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ವಿಪರೀತ ಏರಿತ್ತು. ಅಂಥ ಸಮಯದಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಹುಡುಕುವುದೇ ಜಾಣತನ.

ಎಸ್‌ಎಸ್‌ಡಿ 500 ಜಿಬಿ ಕನಿಷ್ಠ, ಸಾಧ್ಯವಾದರೆ 1 ಟಿಬಿ. ಒಂದೊಂದು ಆಟ ನೂರು ಜಿಬಿ ದಾಟುವ ಕಾಲ ಇದು. ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಪಿಸಿಐಇ 3.0 ಎನ್‌ವಿಎಂಇ 3500 ಎಂಬಿ ಹತ್ತಿರ ಹೋಗುತ್ತದೆ. ಆಟ ಲೋಡ್ ಆಗುವ ಸಮಯದಲ್ಲಿ ಅಷ್ಟು ದೊಡ್ಡ ಅಂತರ ಕಾಣುವುದಿಲ್ಲ. ಹಾಗಾಗಿ ಇನ್ನೂ ವೇಗದ, ದುಬಾರಿ ಎಸ್‌ಎಸ್‌ಡಿ ಬೇಡವೇ ಬೇಡ.

ಹೆಜ್ಜೆ 6: ಎಸ್‌ಎಂಪಿಎಸ್

ನಾನು ಕೈ ಸುಟ್ಟುಕೊಂಡ ಜಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಎಷ್ಟು ವ್ಯಾಟ್ ಬೇಕು ನೋಡೋಣ. 5600 ಪ್ರೊಸೆಸರ್ ಹೆಚ್ಚೆಂದರೆ 76 ವ್ಯಾಟ್ ಎಳೆಯುತ್ತದೆ. ಆರ್‌ಎಕ್ಸ್ 6600 132 ವ್ಯಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಇನ್ನೊಂದು 50 ಎನ್ನಿ. ಒಟ್ಟು 260ರ ಆಸುಪಾಸು. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಇದಕ್ಕಿಂತ ಜಾಸ್ತಿ ಎಳೆಯುತ್ತವೆ, ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆಯೂ ಬರುತ್ತದೆ. ಹಾಗಾಗಿ 500ರಿಂದ 550 ವ್ಯಾಟ್‌ನ ಒಳ್ಳೆಯದೊಂದು ಸಾಕು. ಯಾರೋ ಹೆದರಿಸಿದರೆಂದು 750ಗೆ ಓಡಬೇಡಿ.

ಒಳ್ಳೆಯದು ಯಾವುದು ಎಂದು ಗೊತ್ತಾಗುವುದು ಹೇಗೆ? ಪಕ್ಕದಲ್ಲಿ ಅಂಟಿಸಿದ ಪಟ್ಟಿ ಓದಿ. ಅಲ್ಲಿ 12 ವೋಲ್ಟ್‌ನ ಸಾಲಿನಲ್ಲಿ ಎಷ್ಟು ಆಂಪ್ ಎಂದು ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಿ. 550 ವ್ಯಾಟ್ ಎನ್ನುವ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್‌ಗೆ 44 ಆಂಪ್ ಇದ್ದರೆ 528 ವ್ಯಾಟ್ ಆಯಿತು, ಸರಿಯಾಗಿದೆ. ಅಲ್ಲಿ 25 ಆಂಪ್ ಮಾತ್ರ ಇದ್ದರೆ ಲೆಕ್ಕ 300ಕ್ಕೆ ಇಳಿಯಿತು. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯುವುದು 12 ವೋಲ್ಟ್‌ನಿಂದಲೇ, ಉಳಿದದ್ದು ಬರೀ ಅಂಕಿ. ನನ್ನ ಆ 600 ವ್ಯಾಟ್‌ನದ್ದರ ಪಟ್ಟಿ ಸುಟ್ಟ ಮೇಲೆ ಓದಿದೆ. 18 ಆಂಪ್!

80 ಪ್ಲಸ್ ಎನ್ನುವ ಮುದ್ರೆ ಇರಲಿ. ಬ್ರಾಂಜ್ ಅಂದರೆ ಅರ್ಧ ಭಾರದಲ್ಲಿ ಶೇ. 85 ದಕ್ಷತೆ. ಆದರೆ ಅದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪೋಲಾಗುತ್ತದೆ ಎಂದಷ್ಟೇ ಹೇಳುತ್ತದೆ, ಒಳಗಿನ ಮಾಲಿನ ಗುಣಮಟ್ಟ ಹೇಳುವುದಿಲ್ಲ. ಬಿಚ್ಚಿ ಪರೀಕ್ಷಿಸಿದ ವಿಮರ್ಶೆ ಇದೆಯೇ, ಐದು ವರ್ಷದ ವಾರಂಟಿ ಇದೆಯೇ ನೋಡಿ. ತಯಾರಕರಿಗೇ ನಂಬಿಕೆ ಇಲ್ಲದ ವಸ್ತುವಿಗೆ ಅಷ್ಟು ವಾರಂಟಿ ಕೊಡುವುದಿಲ್ಲ, ಅಲ್ವಾ?

ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬರುವ ಎಸ್‌ಎಂಪಿಎಸ್ ಬಳಸಬೇಡಿ. ಇನ್ನೊಂದು ಎಸ್‌ಎಂಪಿಎಸ್‌ನ ಬಿಡಿ ಕೇಬಲ್ ಇದಕ್ಕೆ ಚುಚ್ಚಬೇಡಿ. ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಹಾಗಾದರೆ ಎಸ್‌ಎಸ್‌ಡಿ ಸತ್ತೇ ಹೋಗುತ್ತದೆ.

ಕ್ಯಾಬಿನೆಟ್ ಬಗ್ಗೆ ಒಂದೇ ಮಾತು: ಮುಂಭಾಗ ಜಾಲರಿ ಇರಲಿ, ಮುಂದೊಂದು ಹಿಂದೊಂದು ಫ್ಯಾನ್ ಇರಲಿ, ನಿಮ್ಮ ಕಾರ್ಡ್‌ನ ಉದ್ದ ಒಳಗೆ ಹಿಡಿಸಲಿ.

ಹೆಜ್ಜೆ 7: ಸೆಕೆಂಡ್ ಹ್ಯಾಂಡ್

ಬಿಗಿ ಬಜೆಟ್‌ನಲ್ಲಿ ಇದನ್ನು ಬಿಟ್ಟು ಯೋಚಿಸಲು ಆಗುವುದಿಲ್ಲ. ನನ್ನ ಲೆಕ್ಕದಲ್ಲಿ ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ ಹಳೆಯದಾದರೂ ಚಿಂತೆ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಪರೀಕ್ಷಿಸಿ ಕೊಳ್ಳಬಹುದು. ಮದರ್‌ಬೋರ್ಡ್‌ಗೆ ಸ್ವಲ್ಪ ಎದೆಗಾರಿಕೆ ಬೇಕು. ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್ ಹಳೆಯದು ಬೇಡ.

ಪ್ರೊಸೆಸರ್ ಕೆಡುವುದು ಅಪರೂಪ. ಎಎಂ4 ಪ್ರೊಸೆಸರ್‌ನ ಅಡಿಯಲ್ಲಿ ಪಿನ್‌ಗಳಿರುತ್ತವೆ, ಬೆಳಕಿಗೆ ಓರೆಯಾಗಿ ಹಿಡಿದು ಸಾಲು ನೆಟ್ಟಗಿದೆಯೇ ನೋಡಿ. ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡ್‌ನ ಸಾಕೆಟ್‌ನಲ್ಲಿ, ಹಾಗಾಗಿ ಅಲ್ಲಿ ಬೋರ್ಡ್ ನೋಡಬೇಕು. ಒಂದು ಪಿನ್ ಬಗ್ಗಿದ್ದರೂ ಒಂದು ರ‍್ಯಾಮ್ ಚಾನೆಲ್ ಕೆಲಸ ಮಾಡದೆ ಇರಬಹುದು.

ಗ್ರಾಫಿಕ್ಸ್ ಕಾರ್ಡನ್ನು ಓಡುತ್ತಿರುವ ಪಿಸಿಯಲ್ಲೇ ನೋಡಿ. ಮೊದಲು ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ತೆರೆಯಿರಿ. ಹಳೇ ಕಾರ್ಡ್‌ಗೆ ಹೊಸ ಹೆಸರು ತುಂಬಿ ಮಾರುವವರಿದ್ದಾರೆ. ಅಂಥ ಹಲವು ನಕಲಿಗಳನ್ನು ಈ ತಂತ್ರಾಂಶ ಗುರುತಿಸಿ ಎಚ್ಚರಿಸುತ್ತದೆ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ, ಕಾರ್ಡ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಅಥವಾ ಯೂನಿಜಿನ್ ಹೆವನ್ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆ ಬಂದರೆ ಎದ್ದು ಬನ್ನಿ. ಬಿಸಿ 85 ಡಿಗ್ರಿ ಒಳಗಿರಲಿ. ಫ್ಯಾನ್ ಎಲ್ಲ ತಿರುಗುತ್ತಿವೆಯೇ, ಕರಕರ ಸದ್ದಿದೆಯೇ ಕೇಳಿ. ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್ ಎಲ್ಲದಕ್ಕೂ ಕೇಬಲ್ ಚುಚ್ಚಿ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಎಷ್ಟೇ ಅಗ್ಗ ಆದರೂ ಬೇಡ.

ಮೈನಿಂಗ್ ಮಾಡಿದ, ಅಂದರೆ ಕ್ರಿಪ್ಟೊ ಹಣ ಗಳಿಸಲು ಓಡಿಸಿದ ಕಾರ್ಡ್ ಎಂದರೆ ಎಲ್ಲರೂ ಬೆಚ್ಚುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಅದನ್ನು ಮೈನ್ ಮಾಡುವುದು ನಿಂತಿತು, ಆ ಕಾರ್ಡ್‌ಗಳೆಲ್ಲ ಮಾರುಕಟ್ಟೆಗೆ ಬಂದವು. ಸಾಮಾನ್ಯವಾಗಿ ಸವೆಯುವುದು ಅವುಗಳ ಫ್ಯಾನ್, ಒಣಗುವುದು ಚಿಪ್‌ನ ಬಿಸಿ ಹೊರದಾಟಿಸುವ ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್. ಚಿಪ್ ಸರಿಯಾಗಿಯೇ ಇರಬಹುದು. ಪೇಸ್ಟ್ ಬದಲಿಸುವ ಧೈರ್ಯ ನಿಮಗಿದ್ದರೆ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿದ್ದರೆ ತಗೊಳ್ಳಿ.

ಇನ್ನೂ ಕಡಿಮೆ ದುಡ್ಡಿದ್ದರೆ

ಎರಡು ದಾರಿ ಇವೆ. ಮೊದಲನೆಯದು ಕಂತಿನ ದಾರಿ. ರೈಜೆನ್ 5 5600ಜಿ ತಗೊಳ್ಳಿ, ಅದರೊಳಗೇ ಗ್ರಾಫಿಕ್ಸ್ ಇದೆ. ಎರಡು ಕಡ್ಡಿ ರ‍್ಯಾಮ್ ಹಾಕಿದರೆ ಸ್ಪರ್ಧೆಯ ಆಟಗಳು ಕಡಿಮೆ ಸೆಟ್ಟಿಂಗ್‌ನಲ್ಲಿ ಚೆನ್ನಾಗಿಯೇ ಓಡುತ್ತವೆ. ಇಲ್ಲಿ ಎರಡನೇ ಕಡ್ಡಿಯನ್ನು ಆಮೇಲೆ ಹಾಕುತ್ತೇನೆ ಎನ್ನುವಂತಿಲ್ಲ, ಒಳಗಿನ ಗ್ರಾಫಿಕ್ಸ್ ಬದುಕುವುದೇ ರ‍್ಯಾಮ್‌ನ ವೇಗದ ಮೇಲೆ. ಆರು ತಿಂಗಳು ಬಿಟ್ಟು ಕಾರ್ಡ್ ಸೇರಿಸಿ. ಎಸ್‌ಎಂಪಿಎಸ್ ಮಾತ್ರ ಇವತ್ತೇ ಆ ಮುಂದಿನ ಕಾರ್ಡ್‌ಗೆ ತಕ್ಕದ್ದನ್ನು ತಂದಿಡಿ.

ಎರಡನೆಯದು ಆಫೀಸಿನ ಹಳೇ ಪಿಸಿ. ಕಂಪನಿಗಳು ಒಟ್ಟಿಗೆ ಹೊರಹಾಕುವ ಡೆಲ್ ಆಪ್ಟಿಪ್ಲೆಕ್ಸ್ ತರದ ಪೆಟ್ಟಿಗೆಗಳು. ಎಂಟನೇ ಪೀಳಿಗೆಯ ಕೋರ್ ಐ5-8500 ಇರುವುದು ಸಿಕ್ಕರೆ ಆರು ಕೋರ್ ಸಿಕ್ಕ ಹಾಗೆ, ವಿಂಡೋಸ್ 11 ಕೂಡ ಒಪ್ಪುತ್ತದೆ. ಇವುಗಳ ತೊಡಕು ಎಸ್‌ಎಂಪಿಎಸ್‌ನಲ್ಲಿ. ಬಹಳ ಪೆಟ್ಟಿಗೆಗಳಲ್ಲಿ ತಯಾರಕರ ಸ್ವಂತ ಅಳತೆಯದು ಇರುತ್ತದೆ, ಕಾರ್ಡ್‌ಗೆ ಬೇಕಾದ ಹೆಚ್ಚುವರಿ ಕೇಬಲ್ ಇರುವುದಿಲ್ಲ. ಆಗ ಪಿಸಿಐಇ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಬದುಕುವ ಕಾರ್ಡ್ ಬೇಕು. 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ, ಆರ್‌ಎಕ್ಸ್ 6400, ಜಿಟಿಎಕ್ಸ್ 1650 ಈ ಜಾತಿಯವು. 1650ಯ ಕೆಲವು ಮಾದರಿಗಳಿಗೆ 6 ಪಿನ್ ಕೇಬಲ್ ಬೇಕಾಗುತ್ತದೆ, ನೋಡಿ ಕೊಳ್ಳಿ. ಪೆಟ್ಟಿಗೆ ಟವರ್ ಆಗಿರಲಿ. ಚಪ್ಪಟೆ ಪೆಟ್ಟಿಗೆಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ.

ಹೆಜ್ಜೆ 8: ಜೋಡಿಸುವುದು

ಒಂದು ಒಳ್ಳೆಯ ಫಿಲಿಪ್ಸ್ ಸ್ಕ್ರೂಡ್ರೈವರ್ ಸಾಕು. ದೊಡ್ಡ ಮೇಜು, ಒಳ್ಳೆಯ ಬೆಳಕು, ಎರಡು ಮೂರು ಗಂಟೆ ಬಿಡುವು. ಕಾರ್ಪೆಟ್ ಮೇಲೆ ಕೂರಬೇಡಿ. ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ, ಮೈಯಲ್ಲಿನ ಸ್ಥಾಯಿ ವಿದ್ಯುತ್ ಇಳಿದುಹೋಗುತ್ತದೆ. ಬೋರ್ಡ್‌ನ ಕೈಪಿಡಿ ಪಕ್ಕದಲ್ಲೇ ತೆರೆದಿಡಿ.

ಮದರ್‌ಬೋರ್ಡನ್ನು ಅದರದೇ ರಟ್ಟಿನ ಡಬ್ಬಿಯ ಮೇಲಿಡಿ. ಸಾಕೆಟ್‌ನ ಕಂಬಿ ಎತ್ತಿ, ಪ್ರೊಸೆಸರ್‌ನ ಮೂಲೆಯ ಸಣ್ಣ ತ್ರಿಕೋನ ಸಾಕೆಟ್‌ನ ಗುರುತಿಗೆ ಹೊಂದುವಂತೆ ಹಿಡಿದು ಸುಮ್ನೆ ಬಿಡಿ. ಅದು ತಾನೇ ಕೂರಬೇಕು, ಒತ್ತಬಾರದು. ಕಂಬಿ ಇಳಿಸಿ. ಇಂಟೆಲ್‌ನಲ್ಲಿ ಇಳಿಸುವಾಗ ಕಿರ್ ಎನ್ನುತ್ತದೆ, ಎದೆಯೂ ಝಲ್ ಎನ್ನುತ್ತದೆ. ಅದು ಮಾಮೂಲು.

ರ‍್ಯಾಮ್ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಎರಡೇ ಸ್ಲಾಟ್ ಇದ್ದರೆ ತಲೆನೋವಿಲ್ಲ. ಕಟ್ ಎನ್ನುವ ತನಕ ಎರಡೂ ತುದಿ ಒತ್ತಬೇಕು. ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಕೆಳಗೆ ಬಗ್ಗಿಸಿ, ತುದಿಗೆ ಆ ಪುಟಾಣಿ ಸ್ಕ್ರೂ ಹಾಕಿ. ಆ ಸ್ಕ್ರೂ ನೆಲಕ್ಕೆ ಬಿದ್ದರೆ ಮತ್ತೆ ಸಿಗುವ ಭರವಸೆ ಇಲ್ಲ.

ಕೂಲರ್. 5600 ಜೊತೆ ಬರುವುದನ್ನು ಸ್ಕ್ರೂನಿಂದ ಬಿಗಿಯಬೇಕು. ಅದಕ್ಕೆ ಮೊದಲು ಸಾಕೆಟ್‌ನ ಎರಡೂ ಪಕ್ಕದ ಪ್ಲಾಸ್ಟಿಕ್ ಹಿಡಿಕೆಗಳನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂಬದಿಯ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಅದನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅಡಿಯಲ್ಲಿ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಬೆರಳು ತಾಗಿಸಬೇಡಿ. ನಾಲ್ಕೂ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇಂಟೆಲ್‌ನದ್ದಕ್ಕೆ ಸ್ಕ್ರೂ ಇಲ್ಲ. ಎದುರುಬದುರಿನ ಕಾಲುಗಳನ್ನು ಒಟ್ಟಿಗೆ ಒತ್ತಿ ಟಕ್ ಎನಿಸಬೇಕು, ಆಮೇಲೆ ಬೋರ್ಡ್ ತಿರುಗಿಸಿ ನಾಲ್ಕೂ ಹೊರಬಂದಿವೆಯೇ ನೋಡಬೇಕು. ಪೇಸ್ಟ್ ಬೇರೆ ಹಚ್ಚುವುದಾದರೆ ಬಟಾಣಿ ಕಾಳಿನಷ್ಟು ಸಾಕು. ಫ್ಯಾನ್‌ನ ತಂತಿ ಸಿಪಿಯು ಫ್ಯಾನ್ ಎಂದು ಬರೆದಲ್ಲಿಗೆ.

ಇಲ್ಲೊಂದು ಉಪಾಯ. ಕ್ಯಾಬಿನೆಟ್‌ಗೆ ಹಾಕುವ ಮೊದಲು, ಡಬ್ಬಿಯ ಮೇಲೇ ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಕೇಬಲ್ ಸಿಕ್ಕಿಸಿ ಒಮ್ಮೆ ಚಾಲೂ ಮಾಡಿ ನೋಡಿ. ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ತಾಗಿಸಿದರೆ ಪಿಸಿ ಏಳುತ್ತದೆ. ಯಾವುದು ಆ ಪಿನ್ ಎಂದು ಕೈಪಿಡಿಯಲ್ಲಿ ನೋಡಿಕೊಂಡೇ ತಾಗಿಸಿ. ಕೆಟ್ಟ ಭಾಗ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಎಲ್ಲ ಬಿಗಿದ ಮೇಲೆ ಗೊತ್ತಾದರೆ ಮತ್ತೆ ಅಷ್ಟನ್ನೂ ಬಿಚ್ಚಬೇಕು.

ಈಗ ಕ್ಯಾಬಿನೆಟ್. ಮೊದಲು ಹಿಂಬದಿಯ ಐಒ ತಗಡು (ಬೋರ್ಡ್‌ನ ಪೋರ್ಟ್‌ಗಳು ಹೊರಗೆ ಕಾಣುವ ಚೌಕಟ್ಟು) ಒಳಗಿಂದ ಒತ್ತಿ ಕೂರಿಸಿ. ಇದನ್ನು ಮರೆತು ಬೋರ್ಡ್ ಬಿಗಿದು ಮತ್ತೆ ಬಿಚ್ಚದ ಜನ ಇಲ್ಲ. ಬೋರ್ಡ್‌ನ ರಂಧ್ರಗಳಿಗೆ ಸರಿಯಾಗಿ ಕೆಳಗೆ ಹಿತ್ತಾಳೆಯ ಗೂಟಗಳಿವೆಯೇ ನೋಡಿ. ರಂಧ್ರ ಇಲ್ಲದ ಕಡೆ ಗೂಟ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಬೋರ್ಡ್‌ನ ಅಡಿಗೆ ತಾಗಿ ಶಾರ್ಟ್ ಆಗುತ್ತದೆ. ಬೋರ್ಡ್ ಬಿಗಿಯಿರಿ, ಎಸ್‌ಎಂಪಿಎಸ್ ಕೂರಿಸಿ. ಫ್ಯಾನ್‌ನಲ್ಲಿ ಅಡ್ಡಪಟ್ಟಿ ಇರುವ ಕಡೆಯಿಂದ ಗಾಳಿ ಹೊರಬರುತ್ತದೆ. ಮುಂದಿನ ಫ್ಯಾನ್ ಒಳಗೆ ಎಳೆಯಲಿ, ಹಿಂದಿನದು ಹೊರಗೆ ದೂಡಲಿ.

ಕೇಬಲ್‌ಗಳು: ಬೋರ್ಡ್‌ಗೆ 24 ಪಿನ್ನಿನ ದಪ್ಪ ಕೇಬಲ್. ಮೇಲಿನ ಎಡಮೂಲೆಯಲ್ಲಿ ಪ್ರೊಸೆಸರ್‌ಗೆಂದೇ 4+4 ಪಿನ್ನಿನದು. ಕಾರ್ಡ್‌ಗೆ 6+2 ಪಿನ್ನಿನದು. ಪ್ರೊಸೆಸರ್‌ನದ್ದೂ ಕಾರ್ಡ್‌ನದ್ದೂ ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ, ಮೇಲೆ ಬರೆದದ್ದನ್ನು ಓದಿ ಹಾಕಿ. ಮುಂಭಾಗದ ಪವರ್ ಗುಂಡಿ, ದೀಪದ ಸಣ್ಣ ತಂತಿಗಳಿಗೆ ಕೈಪಿಡಿಯ ಚಿತ್ರವೇ ಗತಿ. ದೀಪದ ತಂತಿಗೆ ಮಾತ್ರ ಪ್ಲಸ್ ಮೈನಸ್ ಇದೆ, ಗುಂಡಿಯ ತಂತಿ ಹೇಗೆ ಹಾಕಿದರೂ ಆಗುತ್ತದೆ.

ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಮೇಲಿನ ಉದ್ದ ಸ್ಲಾಟ್‌ಗೆ ಟಕ್ ಎನ್ನುವ ತನಕ ಒತ್ತಿ, ಸ್ಕ್ರೂ ಹಾಕಿ. ಮಾನಿಟರ್‌ನ ಕೇಬಲ್ ಈ ಕಾರ್ಡ್‌ಗೇ ಚುಚ್ಚಬೇಕು, ಬೋರ್ಡ್‌ಗಲ್ಲ. ನಾನು ಬೋರ್ಡ್‌ಗೆ ಚುಚ್ಚಿಕೊಂಡು, ಕಪ್ಪು ಪರದೆ ನೋಡುತ್ತಾ ಅರ್ಧ ಗಂಟೆ ಬೆವರಿದ್ದೇನೆ.

ಹೆಜ್ಜೆ 9: ಏಳದಿದ್ದರೆ

ಏನೂ ಆಗದಿದ್ದರೆ ಮೊದಲು ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ನಗಬೇಡಿ, ಬಹಳ ಸಲ ಅದೇ ಕಾರಣ. ಫ್ಯಾನ್ ತಿರುಗಿ ಚಿತ್ರ ಬರದಿದ್ದರೆ ಪ್ರೊಸೆಸರ್‌ನ 4+4 ಕೇಬಲ್, ಕಾರ್ಡ್‌ನ ಕೇಬಲ್ ನೋಡಿ. ಆಮೇಲೆ ಒಂದೇ ರ‍್ಯಾಮ್ ಕಡ್ಡಿ ಬಿಟ್ಟು ನೋಡಿ, ಸ್ಲಾಟ್ ಬದಲಿಸಿ ನೋಡಿ. ಬೋರ್ಡ್‌ನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಸಣ್ಣ ದೀಪ ಇದ್ದರೆ ಯಾವುದು ಉರಿಯುತ್ತಾ ನಿಂತಿದೆಯೋ ತಪ್ಪು ಅಲ್ಲಿದೆ. ಎಎಂ5 ಬೋರ್ಡ್‌ಗಳು ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ. ಕಪ್ಪು ಪರದೆ ಕಂಡು ಗಾಬರಿಯಾಗಿ ಆಫ್ ಮಾಡಬೇಡಿ.

ಹೆಜ್ಜೆ 10: ಬಿಟ್ಟಿ ಸಿಗುವ ವೇಗ

ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ, ಡಿಡಿಆರ್5 ಎಎಂಡಿ ಆದರೆ ಎಕ್ಸ್‌ಪೋ ಎಂದಿರುತ್ತದೆ. ಮಾಡದಿದ್ದರೆ ನಿಮ್ಮ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರುತ್ತದೆ. ರೀಸೈಜಬಲ್ ಬಾರ್ ಕೂಡ ಅಲ್ಲೇ ಆನ್ ಮಾಡಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 11 ಹಾಕಿ. 8 ಜಿಬಿ ಪೆನ್‌ಡ್ರೈವ್ ಮತ್ತು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಸಾಕು. ಬಯೋಸ್‌ನಲ್ಲಿ ಟಿಪಿಎಂ ಎನ್ನುವ ಭದ್ರತಾ ಸೌಲಭ್ಯ ಆನ್ ಇರಬೇಕು. ವಿಂಡೋಸ್ ಲೈಸೆನ್ಸ್‌ಗೂ ದುಡ್ಡಿಲ್ಲ ಎನ್ನುವವರಿಗೆ ಲಿನಕ್ಸ್ ಈಗ ನಿಜವಾದ ದಾರಿ. ಸ್ಟೀಮ್‌ನ ಪ್ರೋಟಾನ್ 2018ರಲ್ಲಿ ಬಂದ ಮೇಲೆ ವಿಂಡೋಸ್‌ನ ಬಹಳಷ್ಟು ಆಟಗಳು ಅಲ್ಲೂ ಓಡುತ್ತವೆ. ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್ ಅಲ್ಲಿ ನಡೆಯುವುದಿಲ್ಲ, ಅವುಗಳ ಮೋಸ ತಡೆಯುವ ತಂತ್ರಾಂಶ, ಅಂದರೆ ಆ್ಯಂಟಿ-ಚೀಟ್, ಒಪ್ಪುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅವಿದ್ದರೆ ಲಿನಕ್ಸ್ ಮಾತು ಬಿಡಿ.

ಕಾರ್ಡ್‌ನ ಡ್ರೈವರ್ ತಯಾರಕರ ಸೈಟ್‌ನಿಂದಲೇ ಹಾಕಿ. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು ವರ್ಷಗಟ್ಟಲೆ 60ರಲ್ಲೇ ಆಡಿದವರನ್ನು ನೋಡಿದ್ದೇನೆ.

ಆಟದ ಸೆಟ್ಟಿಂಗ್‌ನಲ್ಲಿ ಅಲ್ಟ್ರಾ ಮರೆತುಬಿಡಿ. ನೆರಳು, ಪ್ರತಿಬಿಂಬ, ಮಂಜಿನ ಗುಣಮಟ್ಟ ಇಳಿಸಿ. ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮಾತ್ರ ಕಾರ್ಡ್‌ನ ಮೆಮೊರಿ ಹಿಡಿಸುವಷ್ಟು ಮೇಲಿಡಿ, ಚಿತ್ರ ಚೆನ್ನಾಗಿ ಕಾಣುವುದು ಅದರಿಂದಲೇ. ಎಫ್‌ಎಸ್‌ಆರ್ ಅಥವಾ ಡಿಎಲ್‌ಎಸ್‌ಎಸ್ ಇದ್ದರೆ ‘ಕ್ವಾಲಿಟಿ’ಯಲ್ಲಿ ಇಡಿ. ಆಟ ಕಡಿಮೆ ಚುಕ್ಕಿಗಳಲ್ಲಿ ಚಿತ್ರ ಬಿಡಿಸಿ, ಆಮೇಲೆ ದೊಡ್ಡದು ಮಾಡುತ್ತದೆ. 1080ಪಿಯಲ್ಲಿ ಅದಕ್ಕಿಂತ ಕೆಳಗಿನ ಮಟ್ಟಕ್ಕೆ ಹೋದರೆ ಮಸುಕು ಕಾಣಿಸುತ್ತದೆ.

ಮೊದಲ ವಾರ ಎಚ್‌ಡಬ್ಲ್ಯುಇನ್ಫೊ ಹಾಕಿ ಬಿಸಿ ಗಮನಿಸಿ, ಮೆಮ್‌ಟೆಸ್ಟ್86ನಿಂದ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸಿ. ಆಟದಲ್ಲಿ ಕಾರ್ಡ್‌ನ ಬಳಕೆ ಶೇ. 95ರ ಮೇಲಿದ್ದರೆ ಮುಂದೆ ಬದಲಿಸಬೇಕಾದ್ದು ಕಾರ್ಡ್. ಫ್ರೇಮ್‌ಗೆ ಮಿತಿ ಹಾಕದೆಯೂ ಅದು 60, 70ರಲ್ಲಿ ನಿಂತಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಹಿಂದೆ ಬಿದ್ದಿದೆ. ಹೊಸ ಕಾರ್ಡ್ ತಂದ ದಿನ ಹಳೆಯದು ಮಾರಬೇಕಲ್ಲ, ಅದರ ಡಬ್ಬಿ ಮತ್ತು ಬಿಲ್ ಅಟ್ಟದ ಮೇಲೆ ಎತ್ತಿಡಿ.